ಹಗುರ ರೀಲಿನ ಭಾರ ಎಲ್ಲಿದೆ?

ಜಪಾನಿನ ಶಿಮಾನೊ ಕಂಪನಿ 2019ರಲ್ಲಿ ಮೀನಿನ ಗಾಳಕ್ಕೆ ಬಳಸುವ ಸ್ಟ್ರಾಡಿಕ್ ಎಂಬ ಸ್ಪಿನ್ನಿಂಗ್ ರೀಲಿನ ಹೊಸ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಅದೇ ಕಂಪನಿಯಿಂದ ವ್ಯಾನ್‌ಫೋರ್ಡ್ ಬಂತು. ಎರಡರಲ್ಲೂ 2500 ಎಂಬ ಗಾತ್ರವಿದೆ. ಒಳಗಿನ ಗೇರುಗಳು ಒಂದೇ ಬಗೆಯಲ್ಲಿ ತಯಾರಾದವು, ಸ್ಪೂಲಿನಲ್ಲಿ (ದಾರದ ಉರುಳೆಯಲ್ಲಿ) ಹಿಡಿಸುವ ದಾರವೂ ಹೆಚ್ಚುಕಡಿಮೆ ಅಷ್ಟೇ. ತಕ್ಕಡಿಗೆ ಹಾಕಿದರೆ ಮಾತ್ರ ಸ್ಟ್ರಾಡಿಕ್ ಸುಮಾರು 225 ಗ್ರಾಂ ತೂಗುತ್ತದೆ, ವ್ಯಾನ್‌ಫೋರ್ಡ್ ಸುಮಾರು 180 ಗ್ರಾಂ.

ಮೀನಿಗೆ ಗಾಳ ಹಾಕುವ ಹವ್ಯಾಸದವರು ಹೊಸ ರೀಲು ಕೊಳ್ಳುವಾಗ ಮೊದಲು ನೋಡುವುದು ಈ ಸಂಖ್ಯೆಯನ್ನೇ. ಹಗುರವಾದಷ್ಟೂ ಒಳ್ಳೆಯದು, ಹಗುರವಾದಷ್ಟೂ ದುಬಾರಿ ಎಂಬುದು ಅಂಗಡಿಯ ಲೆಕ್ಕ. ಭೌತಶಾಸ್ತ್ರದ ಲೆಕ್ಕ ಬೇರೆ. ರೀಲಿನ ಬೇರೆ ಬೇರೆ ಭಾಗಗಳಲ್ಲಿರುವ ಒಂದೊಂದು ಗ್ರಾಂ ನಮ್ಮ ಕೈಗೆ ಬೇರೆ ಬೇರೆ ತೂಕವಾಗಿ ತಟ್ಟುತ್ತದೆ. ಒಡಲಿನಲ್ಲಿ ಉಳಿಸಿದ ಹತ್ತು ಗ್ರಾಂ ಕೈಗೆ ಗೊತ್ತೇ ಆಗದಿರಬಹುದು. ಸುತ್ತುವ ಭಾಗದ ಅಂಚಿನಲ್ಲಿ ಉಳಿಸಿದ ಹತ್ತು ಗ್ರಾಂ ರೀಲಿನ ನಡವಳಿಕೆಯನ್ನೇ ಬದಲಿಸುತ್ತದೆ. ಆದ್ದರಿಂದ ಎರಡು ಹಗುರ ರೀಲುಗಳನ್ನು ಹೋಲಿಸುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಗ್ರಾಂ?’ ಎಂಬುದಕ್ಕಿಂತ ‘ಯಾವ ಭಾಗದ ಗ್ರಾಂ?’ ಎಂಬುದು.

ನೂಲಿನ ಗಿರಣಿಯಿಂದ ಹೊಳೆದಂಡೆಗೆ

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹೊಲಿಗೆ ದಾರದ ಉಂಡೆಯೊಂದನ್ನು ಪೆನ್ಸಿಲಿಗೆ ಪೋಣಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ದಾರದ ತುದಿಯನ್ನು ಜೋರಾಗಿ ಎಳೆಯಿರಿ. ಉಂಡೆ ಮೊದಲು ತಡವರಿಸುತ್ತದೆ, ಆಮೇಲೆ ತಿರುಗತೊಡಗುತ್ತದೆ. ಎಳೆಯುವುದನ್ನು ಥಟ್ಟನೆ ನಿಲ್ಲಿಸಿದರೆ ಅದು ಮಾತ್ರ ನಿಲ್ಲದೆ ಸುತ್ತುತ್ತಲೇ ಇದ್ದು ದಾರ ಸಡಿಲವಾಗಿ ಗೋಜಲಾಗುತ್ತದೆ. ಈಗ ಅದೇ ಉಂಡೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ದಾರವನ್ನು ಮೇಲ್ಮುಖವಾಗಿ ಎಳೆಯಿರಿ. ಉಂಡೆ ಅಲ್ಲಾಡುವುದೇ ಇಲ್ಲ. ದಾರ ಸುರುಳಿ ಸುರುಳಿಯಾಗಿ ಮೇಲಿನ ಅಂಚನ್ನು ದಾಟಿ ಬಿಚ್ಚಿಕೊಳ್ಳುತ್ತದೆ. ನಿಲ್ಲಿಸಿದೊಡನೆ ಅದೂ ನಿಲ್ಲುತ್ತದೆ.

ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರದ ಜವಳಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಈ ಎರಡನೆಯ ತತ್ತ್ವದ ಮೇಲೆ ರೀಲು ರಚಿಸಿ 1905ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮುನ್ನ 1884ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲೊಕ್ ಇದೇ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದ್ದ. ಅವನ ರೀಲಿನಲ್ಲಿ ಎಸೆಯುವ ಮೊದಲು ಇಡೀ ಸ್ಪೂಲನ್ನು ಪಕ್ಕಕ್ಕೆ ಹೊರಳಿಸಬೇಕಿತ್ತು; ಎಸೆದ ಮೇಲೆ ಮತ್ತೆ ಮೊದಲಿನಂತೆ ಹೊರಳಿಸಿ ಸುತ್ತಬೇಕಿತ್ತು. ದಾರ ಹೊರಹೋಗುವ ರೀತಿಯೊಂದು, ಒಳಬರುವ ರೀತಿ ಇನ್ನೊಂದು ಆದ್ದರಿಂದ ಪ್ರತಿ ಎಸೆತಕ್ಕೂ ದಾರಕ್ಕೆ ಹುರಿ ಏರುತ್ತಿತ್ತು. ಇಲಿಂಗ್‌ವರ್ತ್ ಸ್ಪೂಲನ್ನು ಒಂದೇ ಕಡೆ ಮುಖಮಾಡಿ ನಿಲ್ಲಿಸಿ, ಅದರ ಸುತ್ತ ದಾರವನ್ನು ಹೊತ್ತು ತಿರುಗುವ ಭಾಗವನ್ನು ಬೇರೆಯಾಗಿ ಮಾಡಿದ. ಗಿರಣಿಯ ನೂಲುಕದಿರುಗಳ ನಡುವೆ ಬದುಕಿದವನಿಗೆ ಹೊಳೆಯಬಹುದಾದ ಉಪಾಯವೇ ಇದು. ಇಂದಿನ ಎಲ್ಲ ಸ್ಪಿನ್ನಿಂಗ್ ರೀಲುಗಳೂ ಆ ಮನೆತನದವು.

ಈ ಉಪಾಯದಿಂದ ಲಾಭವಾದದ್ದು ಹಗುರ ಲೂರ್‌ಗಳಿಗೆ, ಅಂದರೆ ಮೀನನ್ನು ಮರುಳುಮಾಡುವ ಲೋಹದ, ಮರದ, ರಬ್ಬರಿನ ಹುಸಿ ಎರೆಗಳಿಗೆ. 3 ಗ್ರಾಂ ತೂಕದ ಲೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿದರೆ ಅದರಲ್ಲಿರುವ ಚಲನಶಕ್ತಿ 0.6 ಜೂಲ್ ಮಾತ್ರ. ಇಷ್ಟರಲ್ಲೇ ಅದು ಗಾಳಿಯನ್ನು ಸೀಳಬೇಕು, ಹಿಂದೆ ದಾರವನ್ನೂ ಎಳೆದೊಯ್ಯಬೇಕು. ಸ್ಪೂಲನ್ನು ತಿರುಗಿಸುವ ಕೆಲಸವನ್ನೂ ಅದರ ಮೇಲೆ ಹೇರಿದರೆ ಲೂರ್ ಕಾಲ ಬುಡದಲ್ಲೇ ಬೀಳುತ್ತದೆ.

ಆದರೂ ಇಲಿಂಗ್‌ವರ್ತ್‌ನ ರೀಲು ಕೂಡಲೇ ಮನೆಮಾತಾಗಲಿಲ್ಲ. ಆಗಿನ ತೆಳು ದಾರವೆಂದರೆ ರೇಷ್ಮೆಯದು; ನೀರು ಕುಡಿದು ಕೊಳೆಯುವ, ದಿನವೂ ಒಣಗಿಸಬೇಕಾದ ದಾರ. ದಾರವನ್ನು ತಾನೇ ಹಿಡಿದು ಸುತ್ತುವ ಪೂರ್ಣ ತಂತಿಬಳೆ (ಅದೇ ಬೇಲ್) ಇಂಗ್ಲೆಂಡಿನ ಹಾರ್ಡಿ ಕಂಪನಿಯ ಆಲ್ಟೆಕ್ಸ್ ರೀಲಿನಲ್ಲಿ 1932ರ ಹೊತ್ತಿಗೆ ಬಂತು. ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ 1935ರಲ್ಲಿ ನೈಲಾನ್ ತಯಾರಿಸಿತು. ಮಹಾಯುದ್ಧ ಮುಗಿದ ಮೇಲೆ ನೈಲಾನ್ ದಾರ ಅಗ್ಗವಾಗಿ ಸಿಗತೊಡಗಿತು. 1948ರಲ್ಲಿ ಫ್ರಾನ್ಸಿನಿಂದ ಮಿಚೆಲ್ ರೀಲು ಬಂತು. ಸಾಮಾನ್ಯ ಜನರ ಕೈಗೆ ಸ್ಪಿನ್ನಿಂಗ್ ರೀಲು ಸಿಕ್ಕಿದ್ದು ಆಗ. ದಾರ ತೆಳುವಾಗುತ್ತ ಹೋದಂತೆ ರೀಲು ಚಿಕ್ಕದಾಗುತ್ತ ಹೋಯಿತು. ರೀಲಿನ ಚರಿತ್ರೆಯನ್ನು ದಾರದ ಚರಿತ್ರೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಸುತ್ತುವ ಗ್ರಾಂ, ಸುತ್ತದ ಗ್ರಾಂ

ಈಗ ಅಸಲು ವಿಷಯಕ್ಕೆ ಬರೋಣ. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸ್ಪೂಲನ್ನು ಬಳಸಿಕೊಂಡಿರುವ ಬಟ್ಟಲಿನಾಕಾರದ ರೋಟರ್ ಐದಾರು ಸುತ್ತು ತಿರುಗುತ್ತದೆ. ಪೆಟ್ಟಿಗೆಯ ಮೇಲೆ 5.2:1, 6.2:1 ಎಂದು ಬರೆದಿರುವುದು ಇದನ್ನೇ. ರೋಟರಿನ ಎರಡು ತೋಳುಗಳ ತುದಿಗೆ ಬೇಲ್ ಕೂತಿರುತ್ತದೆ; ಒಂದು ತೋಳಿನಲ್ಲಿ ದಾರ ಹಾಯುವ ಪುಟ್ಟ ರೋಲರ್ ಇರುತ್ತದೆ. ಇಡೀ ರೀಲಿನಲ್ಲಿ ಅತಿ ವೇಗವಾಗಿ ಸುತ್ತುವ ದೊಡ್ಡ ಭಾಗ ರೋಟರ್ ಒಂದೇ.

ತಿರುಗುವ ವಸ್ತುವಿನ ಜಡತ್ವ ಅದರ ತೂಕವನ್ನಷ್ಟೇ ಅವಲಂಬಿಸಿಲ್ಲ. ಅಕ್ಷದಿಂದ ಆ ತೂಕ ಎಷ್ಟು ದೂರದಲ್ಲಿದೆಯೋ ಆ ದೂರದ ವರ್ಗಕ್ಕೆ ಅನುಗುಣವಾಗಿ ಜಡತ್ವ ಏರುತ್ತದೆ. ಗೇರಿನ ಮೂಲಕ ತಿರುಗಿಸುವಾಗ ಇನ್ನೊಂದು ವರ್ಗ ಸೇರಿಕೊಳ್ಳುತ್ತದೆ: ಹಿಡಿಯ ಬಳಿ ಅನುಭವಕ್ಕೆ ಬರುವ ಜಡತ್ವ ಗೇರಿನ ಅನುಪಾತದ ವರ್ಗದಷ್ಟು ಹೆಚ್ಚಾಗುತ್ತದೆ. 5.2ರ ವರ್ಗ ಸುಮಾರು 27. ಇಲ್ಲೇ ಇದೆ ಗುಟ್ಟು.

ಒಂದು ಲೆಕ್ಕ ಮಾಡೋಣ. ರೋಟರಿನ ಅಂಚು ಅಕ್ಷದಿಂದ ಎರಡೂವರೆ ಸೆಂಟಿಮೀಟರ್ ದೂರ, ಹಿಡಿಯ ತೋಳು ಐದು ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಚಿಕ್ಕ ರೀಲುಗಳ ಅಳತೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ರೋಟರಿನ ಅಂಚಿನಲ್ಲಿ 10 ಗ್ರಾಂ ಇದ್ದರೆ, 5.2 ಅನುಪಾತದಲ್ಲಿ ಹಿಡಿಯ ಗುಂಡಿಗೆ ಅದು 68 ಗ್ರಾಂ ಕಟ್ಟಿದಂತೆ ಭಾಸವಾಗುತ್ತದೆ. ಅದೇ ರೀಲಿನ 6.2 ಅನುಪಾತದ ಮಾದರಿಯಲ್ಲಿ 96 ಗ್ರಾಂ. ಹತ್ತು ಗ್ರಾಮಿಗೆ ತೊಂಬತ್ತಾರು! ರೀಲಿನ ಪಾದದಿಂದಲೋ ಒಡಲಿನ ಮುಚ್ಚಳದಿಂದಲೋ ಹತ್ತು ಗ್ರಾಂ ಕೆತ್ತಿ ತೆಗೆದರೆ ಉಳಿತಾಯ ಹತ್ತೇ ಗ್ರಾಂ. ಕಂಪನಿಯ ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಸಂಖ್ಯೆಯಾಗಿ ಕಾಣುತ್ತವೆ.

ಈ ಭಾರ ಗೊತ್ತಾಗುವುದು ಯಾವಾಗ? ಒಂದೇ ವೇಗದಲ್ಲಿ ಸುಮ್ಮನೆ ಸುತ್ತುತ್ತಿರುವಾಗ ಅಲ್ಲ. ಶುರುಮಾಡುವಾಗ, ನಿಲ್ಲಿಸುವಾಗ, ವೇಗ ಬದಲಿಸುವಾಗ. ಹಗುರ ಲೂರ್ ಬಳಸುವವರ ಕೆಲಸವೇ ಅದು ತಾನೇ? ಎರಡು ಸುತ್ತು ತಿರುಗಿಸಿ ನಿಲ್ಲಿಸುವುದು, ಲೂರ್ ತೇಲುತ್ತ ಇಳಿಯಲು ಬಿಡುವುದು, ಮತ್ತೆ ಅರ್ಧ ಸುತ್ತು ತಿರುಗಿಸುವುದು. ಹೀಗೆ ಬಿಟ್ಟು ಬಿಟ್ಟು ತಿರುಗಿಸುವಾಗ ಭಾರದ ರೋಟರ್ ಪ್ರತಿ ಸಲವೂ ಬೆರಳಿಗೆ ಅಡ್ಡಿ ಮಾಡುತ್ತದೆ. ಇನ್ನೂ ಮುಖ್ಯವಾದ ಮಾತೊಂದಿದೆ. ಸಣ್ಣ ಮೀನು ಲೂರನ್ನು ಬಾಯಿಗೆ ಹಾಕಿ ಉಗುಳುವುದು ಕ್ಷಣದ ಕೆಲಸ. ಆ ಕ್ಷಣದಲ್ಲಿ ದಾರದ ಎಳೆತದಲ್ಲಾಗುವ ಚಿಕ್ಕ ಏರುಪೇರು ರೋಟರಿನ ಮೂಲಕ ಹಿಡಿಗೆ ತಲುಪಬೇಕು. ಜಡತ್ವ ಹೆಚ್ಚಿದ್ದರೆ ಅದು ದಾರಿಯಲ್ಲೇ ಅಡಗಿಹೋಗುತ್ತದೆ. ರೋಟರ್ ಹಗುರವಿದ್ದರೆ ಹಿಡಿ ಒಂದಿಷ್ಟು ಬಿಗಿಯಾದದ್ದು ಅಥವಾ ಸಡಿಲಾದದ್ದು ಬೆರಳಿಗೆ ತಿಳಿಯುತ್ತದೆ. ಹೊಳೆಯ ಸೆಳವು ಎಲ್ಲಿ ಜೋರಾಗಿದೆ, ಎಲ್ಲಿ ಕುಗ್ಗಿದೆ ಎಂಬುದೂ ತಿಳಿಯುತ್ತದೆ.

ಹಾಗಾದರೆ ಭಾರದ ರೋಟರಿನಿಂದ ಪ್ರಯೋಜನವೇ ಇಲ್ಲವೆ? ಇದೆ. ಒಮ್ಮೆ ವೇಗಕ್ಕೆ ಬಂದ ಮೇಲೆ ಅದೇ ಜಡತ್ವ ಕೈಯ ಏರಿಳಿತವನ್ನು ಸರಿದೂಗಿಸುತ್ತದೆ. ಹಿಡಿ ತಿರುಗಿಸುವಾಗ ನಮ್ಮ ಕೈ ಮೇಲೇರುವಾಗ ಒಂದು ವೇಗ, ಕೆಳಗಿಳಿಯುವಾಗ ಇನ್ನೊಂದು. ಒಂದೇ ಸಮನೆ ಈಜಬೇಕಾದ ಲೂರ್‌ಗೆ ಭಾರದ ರೋಟರ್ ಹೆಚ್ಚು ನಯವಾದ ನಡೆ ಕೊಡುತ್ತದೆ. ಶಿಮಾನೊ ಕಂಪನಿ ತನ್ನ ಉತ್ತಮ ದರ್ಜೆಯ ರೀಲುಗಳನ್ನು ಇದೇ ಆಧಾರದ ಮೇಲೆ ಎರಡು ಕವಲಾಗಿ ವಿಂಗಡಿಸಿದೆ. ಸ್ಟೆಲ್ಲಾ, ಟ್ವಿನ್ ಪವರ್, ಸ್ಟ್ರಾಡಿಕ್ ಒಂದು ಕಡೆ. ಸ್ಥಿರತೆ, ಗಟ್ಟಿತನ ಅವುಗಳ ಗುರಿ. ವ್ಯಾನ್‌ಕ್ವಿಶ್, ವ್ಯಾನ್‌ಫೋರ್ಡ್ ಇನ್ನೊಂದು ಕಡೆ; ಚುರುಕಾಗಿ ಹೊರಟು ಚುರುಕಾಗಿ ನಿಲ್ಲುವುದು ಅವುಗಳ ಗುರಿ. ಸ್ಟೆಲ್ಲಾ ಆ ಕಂಪನಿಯ ಅತಿ ದುಬಾರಿ ಸ್ಪಿನ್ನಿಂಗ್ ರೀಲು, ಆದರೆ ಅತಿ ಹಗುರವಾದದ್ದು ವ್ಯಾನ್‌ಕ್ವಿಶ್. ಬೆಲೆ ಮತ್ತು ಹಗುರತನ ಒಂದೇ ಏಣಿಯ ಮೆಟ್ಟಿಲುಗಳಲ್ಲ ಎಂಬುದನ್ನು ತಯಾರಕರೇ ಒಪ್ಪಿಕೊಂಡಿದ್ದಾರೆ.

ರೋಟರಿನ ಬಗ್ಗೆ ಇನ್ನೊಂದು ಮಾತು. ಹಿಡಿಯನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ರೋಟರ್ ಸೆಕೆಂಡಿಗೆ ಹತ್ತು ಸುತ್ತಿಗೂ ಮೀರಿ ತಿರುಗುತ್ತದೆ. ಎರಡೂವರೆ ಸೆಂಟಿಮೀಟರ್ ದೂರದಲ್ಲಿರುವ ಬಿಂದುವಿನ ಮೇಲೆ ಆಗ ಗುರುತ್ವದ ಸುಮಾರು 11 ಪಟ್ಟು ವೇಗೋತ್ಕರ್ಷ. ರೋಟರಿನ ಒಂದು ಪಕ್ಕದಲ್ಲಿ ಒಂದೇ ಒಂದು ಗ್ರಾಂ ಹೆಚ್ಚಿದ್ದರೂ ಸಾಕು, 11 ಗ್ರಾಂ ತೂಕದಷ್ಟು ಬಲ ರೀಲನ್ನು ಸೆಕೆಂಡಿಗೆ ಹತ್ತು ಸಲ ಅಲುಗಿಸುತ್ತದೆ. ಭಾರದ ರೀಲಿನಲ್ಲಿ ಈ ನಡುಕ ಒಡಲಿನ ತೂಕದಲ್ಲಿ ಕರಗಿಹೋಗುತ್ತದೆ. 150 ಗ್ರಾಮಿನ ರೀಲಿನಲ್ಲಿ ಹಾಗೆ ಅಡಗಲು ಜಾಗವಿಲ್ಲ. ಹಗುರ ರೀಲು ದುಬಾರಿಯಾಗಲು ಇದೂ ಒಂದು ಕಾರಣ: ಒಡಲು ಹಗುರವಾದಷ್ಟೂ ರೋಟರಿನ ಸಮತೂಕ ಹೆಚ್ಚು ಕರಾರುವಾಕ್ಕಾಗಿರಬೇಕು. ಅಗ್ಗದ ಹಗುರ ರೀಲನ್ನು ಬೇಗ ಬೇಗ ತಿರುಗಿಸಿದರೆ ಕೋಲಿನ ತುದಿ ಅದುರುವುದನ್ನು ಕಣ್ಣಾರೆ ನೋಡಬಹುದು.

ಒಡಲಿನ ಲೋಹ

ಸ್ಟ್ರಾಡಿಕ್‌ನ ಒಡಲು ಅಲ್ಯುಮಿನಿಯಂ. ವ್ಯಾನ್‌ಫೋರ್ಡ್‌ನ ಒಡಲು, ರೋಟರ್ ಎರಡೂ ಕಾರ್ಬನ್ ನಾರು ಬೆರೆಸಿದ ಪ್ಲಾಸ್ಟಿಕ್. ಶಿಮಾನೊ ಇದನ್ನು ಸಿಐ4+ ಎಂದು ಕರೆಯುತ್ತದೆ. ಡೈವಾ ಕಂಪನಿಯ ಇಂಥದೇ ವಸ್ತುವಿನ ಹೆಸರು ಝಯಾನ್. ಇನ್ನೂ ಮೇಲಿನ ದರ್ಜೆಯ ರೀಲುಗಳಲ್ಲಿ ಮೆಗ್ನೀಸಿಯಂ ಒಡಲಿರುತ್ತದೆ.

ಗೇರುಗಳು ಸರಿಯಾಗಿ ಕಚ್ಚಿಕೊಳ್ಳಬೇಕಾದರೆ ಅವುಗಳ ಅಕ್ಷಗಳು ಕದಲಬಾರದು. ಮೀನು ಎಳೆಯುವಾಗ ಒಡಲು ಕೂದಲೆಳೆಯಷ್ಟು ಬಾಗಿದರೂ ಹಲ್ಲುಗಳ ಹೊಂದಾಣಿಕೆ ತಪ್ಪಿ ತಿರುಗಣೆ ಒರಟಾಗುತ್ತದೆ, ಹಲ್ಲು ಬೇಗ ಸವೆಯುತ್ತದೆ. ಆದ್ದರಿಂದ ಒಡಲಿಗೆ ಬೇಕಾದ ಗುಣ ಮುರಿಯದಿರುವುದಷ್ಟೇ ಅಲ್ಲ, ಬಾಗದಿರುವುದು. ಅಲ್ಯುಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು, ಮೆಗ್ನೀಸಿಯಂನದು 1.74 ಪಟ್ಟು. ಆದರೆ ಅದೇ ದಪ್ಪದ ತಗಡು ತೆಗೆದುಕೊಂಡರೆ ಮೆಗ್ನೀಸಿಯಂ ಹೆಚ್ಚು ಬಾಗುತ್ತದೆ. ಅದರ ಬಿಗಿತ ಅಲ್ಯುಮಿನಿಯಂನ ಮೂರನೇ ಎರಡು ಭಾಗಕ್ಕೂ ಸ್ವಲ್ಪ ಕಡಿಮೆ. ಮತ್ತೆ ಲಾಭವೆಲ್ಲಿ? ತಗಡಿನ ಬಾಗದ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಮೆಗ್ನೀಸಿಯಂ ತಗಡನ್ನು ಶೇ 16ರಷ್ಟು ದಪ್ಪ ಮಾಡಿದರೆ ಅಲ್ಯುಮಿನಿಯಂನಷ್ಟೇ ಬಿಗಿಯಾಗುತ್ತದೆ, ಆಗಲೂ ತೂಕ ಶೇ 25ರಷ್ಟು ಕಡಿಮೆಯೇ. ಕಾರ್ಬನ್ ಬೆರೆತ ಪ್ಲಾಸ್ಟಿಕ್ಕಿಗೂ ಇದೇ ನ್ಯಾಯ. ಅದು ಲೋಹಕ್ಕಿಂತ ಬಹಳ ಹಗುರ, ಬಹಳ ಮೆತುವೂ ಹೌದು. ಆದ್ದರಿಂದ ಗೋಡೆ ದಪ್ಪ ಮಾಡಿ, ಒಳಗೆ ಪಟ್ಟಿಗಳನ್ನು ಎಬ್ಬಿಸಿ ಬಿಗಿತ ತುಂಬುತ್ತಾರೆ.

ಮೆಗ್ನೀಸಿಯಂಗೆ ಒಂದು ಶತ್ರುವಿದೆ, ಉಪ್ಪುನೀರು. ಬಳಕೆಯ ಲೋಹಗಳಲ್ಲಿ ಎಲೆಕ್ಟ್ರಾನನ್ನು ಬಹಳ ಸುಲಭವಾಗಿ ಬಿಟ್ಟುಕೊಡುವಂಥದ್ದು ಇದು. ಪಕ್ಕದಲ್ಲಿ ಸ್ಟೀಲಿನ ತಿರುಪು, ಹಿತ್ತಾಳೆಯ ಪಿನಿಯನ್ (ರೋಟರನ್ನು ತಿರುಗಿಸುವ ಚಿಕ್ಕ ಗೇರು) ಇದ್ದು ನಡುವೆ ಉಪ್ಪುನೀರು ಸೇರಿತೆಂದರೆ ಒಂದು ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ. ಅದರಲ್ಲಿ ಕರಗುವುದು ಮೆಗ್ನೀಸಿಯಂ. ಮೇಲಿನ ಲೇಪ ಗಟ್ಟಿಯಾಗಿರುವವರೆಗೆ ಚಿಂತೆಯಿಲ್ಲ. ಬಂಡೆಗೆ ತಗುಲಿ ಒಂದು ಗೀರು ಬಿದ್ದರೆ ಅಲ್ಲಿಂದ ಬಿಳಿ ಪುಡಿ ಏಳತೊಡಗುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಗಳಲ್ಲಿ ಗಾಳ ಹಾಕುವವರು ಹಗುರತನಕ್ಕೆ ಮನಸೋತು ಮೆಗ್ನೀಸಿಯಂ ರೀಲು ಕೊಳ್ಳುವ ಮೊದಲು ಇದನ್ನು ಯೋಚಿಸಬೇಕು. ಅಲ್ಲಿಗೆ ಪ್ಲಾಸ್ಟಿಕ್ ಒಡಲೇ ನೆಮ್ಮದಿ. ಅದಕ್ಕೆ ತುಕ್ಕಿನ ಭಯವಿಲ್ಲ.

ಒಳಗೆ ನೀರು ಹೋಗದಂತೆ ರಬ್ಬರ್ ಉಂಗುರಗಳನ್ನು ಹಾಕುತ್ತಾರೆ. ಪ್ರತಿ ಉಂಗುರವೂ ಉಜ್ಜುತ್ತದೆ, ತಿರುಗಣೆ ಬಿಗಿಯಾಗುತ್ತದೆ. ಡೈವಾ ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾಗಿದೆ. 1963ರಲ್ಲಿ ಅಮೆರಿಕದ ನಾಸಾದಲ್ಲಿ ಸ್ಟೀವ್ ಪ್ಯಾಪೆಲ್ ಎಂಬ ಎಂಜಿನಿಯರ್, ತೂಕವಿಲ್ಲದ ಬಾಹ್ಯಾಕಾಶದಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಎಳೆದು ತರುವ ಉದ್ದೇಶದಿಂದ ಕಾಂತೀಯ ದ್ರವವೊಂದನ್ನು ರೂಪಿಸಿದ್ದರು. ಎಣ್ಣೆಯಂಥ ದ್ರವದಲ್ಲಿ ಅತಿ ಸೂಕ್ಷ್ಮ ಕಾಂತೀಯ ಕಣಗಳು ತೇಲುತ್ತಿರುತ್ತವೆ. ಈ ಬಗೆಯ ಎಣ್ಣೆಯ ಒಂದು ತೆಳು ಪೊರೆಯನ್ನು ಉಂಗುರದಾಕಾರದ ಅಯಸ್ಕಾಂತ ರೀಲಿನ ಅಕ್ಷದ ಸುತ್ತ ಹಿಡಿದು ನಿಲ್ಲಿಸುತ್ತದೆ. ನೀರು ಒಳಬರುವುದಿಲ್ಲ, ರಬ್ಬರಿನ ಉಜ್ಜಾಟವೂ ಇಲ್ಲ. ಒಂದೇ ತೊಡಕೆಂದರೆ ಮನೆಯಲ್ಲಿ ಬಿಚ್ಚಿ ಎಣ್ಣೆ ಹಾಕುವವರು ಆ ಭಾಗವನ್ನು ಮುಟ್ಟುವಂತಿಲ್ಲ. ಬೇರೆ ಎಣ್ಣೆ ಬೆರೆತರೆ ಪೊರೆ ಕೆಡುತ್ತದೆ.

ಬೇರಿಂಗ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ದೊಡ್ಡ ಗೇರಿನ ಎರಡು ಬದಿ, ಪಿನಿಯನ್, ದಾರ ಹಾಯುವ ರೋಲರ್: ಈ ಜಾಗಗಳಲ್ಲಿ ಒಳ್ಳೆಯ ಬೇರಿಂಗ್ ಇದ್ದರೆ ಮುಖ್ಯವಾದದ್ದು ಮುಗಿಯಿತು. ‘12 ಬೇರಿಂಗ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಅಗ್ಗದ ರೀಲಿಗಿಂತ ಐದೇ ಒಳ್ಳೆಯ ಬೇರಿಂಗ್ ಇರುವ ರೀಲು ಮೇಲು. ಗೇರಿನ ವಿಷಯದಲ್ಲಿ ಮಾತ್ರ ತಯಾರಿಕೆಯ ವಿಧಾನ ಕೇಳಿ ತಿಳಿಯಿರಿ. ಅಗ್ಗದ ರೀಲುಗಳಲ್ಲಿ ಕರಗಿಸಿದ ಸತುವನ್ನು ಅಚ್ಚಿಗೆ ಹೊಯ್ದು ಗೇರು ಮಾಡುತ್ತಾರೆ. ಶಿಮಾನೊ 1921ರಲ್ಲಿ ಸಕಾಯ್ ನಗರದಲ್ಲಿ ಸೈಕಲ್ ಬಿಡಿಭಾಗ ತಯಾರಿಸಲು ಶುರುವಾದ ಕಂಪನಿ. ಲೋಹವನ್ನು ಕಾಯಿಸದೆ ಭಾರಿ ಒತ್ತಡದಲ್ಲಿ ಅಚ್ಚಿಗೆ ಒತ್ತುವ ವಿದ್ಯೆಯನ್ನು ಸೈಕಲ್ಲಿಗಾಗಿ ಕಲಿತು, 1970ರಿಂದ ಮೀನುಗಾರಿಕೆಯ ಸಲಕರಣೆಗೂ ಕೈಹಾಕಿತು. ಹಾಗೆ ಒತ್ತಿ ಮಾಡಿದ ಗೇರಿನ ಒಳರಚನೆ ಒತ್ತೊತ್ತಾಗಿರುತ್ತದೆ. ಹಗುರವಾಗಿದ್ದೂ ಬಹುಕಾಲ ಬಾಳುತ್ತದೆ.

ಬಿಚ್ಚುವ ದಾರ, ಬಿಗಿಯುವ ದಾರ

ಎಸೆತದ ದೂರ ನಿರ್ಧಾರವಾಗುವುದು ಸ್ಪೂಲಿನ ಅಂಚಿನಲ್ಲಿ. 43 ಮಿಲಿಮೀಟರ್ ವ್ಯಾಸದ ಸ್ಪೂಲಿನಿಂದ ಒಂದು ಸುತ್ತಿಗೆ ಹದಿಮೂರೂವರೆ ಸೆಂಟಿಮೀಟರ್ ದಾರ ಬಿಚ್ಚುತ್ತದೆ. ಲೂರ್ 30 ಮೀಟರ್ ಹೋಗಬೇಕಾದರೆ ಸುಮಾರು 220 ಸುರುಳಿಗಳು ಒಂದಾದ ಮೇಲೊಂದರಂತೆ ಅಂಚನ್ನು ದಾಟಬೇಕು. ದಾರ ಅಂಚಿಗಿಂತ ನಾಲ್ಕು ಮಿಲಿಮೀಟರ್ ಕೆಳಗಿದ್ದರೆ ವ್ಯಾಸ 35ಕ್ಕೆ ಇಳಿಯುತ್ತದೆ, ಸುರುಳಿಗಳು 270ಕ್ಕೆ ಏರುತ್ತವೆ, ಪ್ರತಿ ಸುರುಳಿಯೂ ಅಂಚನ್ನು ಹೆಚ್ಚು ಉಜ್ಜಿಕೊಂಡು ಹೋಗುತ್ತದೆ. 3 ಗ್ರಾಂ ಲೂರಿನ 0.6 ಜೂಲ್‌ನಲ್ಲಿ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ. ಹಾಗೆಂದು ಅಂಚಿನವರೆಗೆ ತುಂಬಿದರೆ ಸುರುಳಿಗಳು ಗುಂಪಾಗಿ ಹಾರಿ ಗಂಟುಬೀಳುತ್ತವೆ. ಒಂದರಿಂದ ಎರಡು ಮಿಲಿಮೀಟರ್ ಬಿಟ್ಟು ತುಂಬುವುದು ಸರಿಯಾದ ಹದ.

ರೀಲಿನ ಹೆಸರಿನ ಕೊನೆಗೆ ‘ಎಸ್’ ಎಂದಿದ್ದರೆ ಅದರ ಸ್ಪೂಲು ಆಳ ಕಡಿಮೆಯದು. ತೆಳು ದಾರಕ್ಕೆ ಅದೇ ಬೇಕು. ಆಳದ ಸ್ಪೂಲಾದರೆ ಅಡಿಯಲ್ಲಿ ಕೆಲಸಕ್ಕೆ ಬಾರದ ದಾರವನ್ನು ತುಂಬಿ ಹೊತ್ತು ತಿರುಗಬೇಕು. ‘ಸಿ2000’ ಎಂದರೆ 1000 ಗಾತ್ರದ ಒಡಲಿಗೆ 2000 ಗಾತ್ರದ ಸ್ಪೂಲು ಕೂರಿಸಿದ್ದು. ಈ ಸಂಖ್ಯೆಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬರ 2500 ಇನ್ನೊಬ್ಬರ 3000ಕ್ಕೆ ಸಮವಾಗಬಹುದು. ಹೋಲಿಸುವಾಗ ಸ್ಪೂಲಿನ ವ್ಯಾಸ, ಒಂದು ಸುತ್ತಿಗೆ ಒಳಬರುವ ದಾರದ ಉದ್ದ ಇವೆರಡನ್ನು ನೋಡುವುದು ಲೇಸು.

ಇನ್ನು ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ಸ್ಪೂಲು ತಾನೇ ಜಾರಿಕೊಡುವ ವ್ಯವಸ್ಥೆ. ಹಗುರ ರೀಲುಗಳ ಹೋಲಿಕೆಯಲ್ಲಿ ಅತಿ ಹೆಚ್ಚು ದಾರಿತಪ್ಪಿಸುವ ಸಂಖ್ಯೆ ಇದರದೇ. ‘ಗರಿಷ್ಠ ಡ್ರ್ಯಾಗ್ 9 ಕಿಲೊ’ ಎಂದು ಒಂದರ ಮೇಲೆ ಬರೆದಿರುತ್ತದೆ, ‘3 ಕಿಲೊ’ ಎಂದು ಇನ್ನೊಂದರ ಮೇಲೆ. ನೀವು ಬಳಸುವ ದಾರ 4 ಪೌಂಡಿನದು, ಅಂದರೆ 1.8 ಕಿಲೊ ಎಳೆತಕ್ಕೆ ತುಂಡಾಗುವಂಥದ್ದು ಎಂದುಕೊಳ್ಳಿ. ಡ್ರ್ಯಾಗನ್ನು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಹೊಂದಿಸಬೇಕೆಂಬುದು ಅನುಭವಿಗಳ ಕ್ರಮ. 450ರಿಂದ 600 ಗ್ರಾಂ. ಒಂಬತ್ತು ಕಿಲೊ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಬೇಕಾಗಿರುವುದು ಆ ಅರ್ಧ ಕಿಲೊದ ಸುತ್ತಮುತ್ತ ಡ್ರ್ಯಾಗ್ ಎಷ್ಟು ನಯವಾಗಿ ಜಾರತೊಡಗುತ್ತದೆ ಎಂಬುದು.

ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಸಾಮಾನ್ಯವಾಗಿ ಕದಲಿದ ವಸ್ತುವನ್ನು ಜಾರಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಡ್ರ್ಯಾಗಿನ ಬಿಲ್ಲೆಗಳಲ್ಲಿ ಈ ಅಂತರ ದೊಡ್ಡದಿದ್ದರೆ 500 ಗ್ರಾಮಿಗೆ ಹೊಂದಿಸಿದ ಡ್ರ್ಯಾಗ್ ಮೊದಲ ಕ್ಷಣ 900 ಗ್ರಾಂವರೆಗೆ ಹಿಡಿದುಕೊಂಡು ಆಮೇಲೆ ಥಟ್ಟನೆ ಬಿಡಬಹುದು. ತೆಳು ದಾರ ಕಡಿಯುವುದು, ಮೀನಿನ ಮೃದು ಬಾಯಿಂದ ಕೊಕ್ಕೆ ಕಿತ್ತುಬರುವುದು ಆ ಮೊದಲ ಕ್ಷಣದಲ್ಲೇ. ಎಣ್ಣೆ ಕುಡಿದ ಫೆಲ್ಟ್ ಬಿಲ್ಲೆಗಳು ಕಡಿಮೆ ಬಲದಲ್ಲಿ ಬಹಳ ನಯ. ಹೆಚ್ಚು ಬಲ, ಹೆಚ್ಚು ಬಿಸಿಗೆ ಕಾರ್ಬನ್ ಬಿಲ್ಲೆಗಳು ಮೇಲು. ಚಿಕ್ಕ ರೀಲಿಗೆ ಫೆಲ್ಟ್ ಹಾಕಿದ್ದಾರೆಂದರೆ ಖರ್ಚು ಉಳಿಸಿದರೆಂದು ಬೇಸರಪಡಬೇಕಾಗಿಲ್ಲ. ಅರ್ಧ ಕಿಲೊ ಎಳೆತದಲ್ಲಿ ಮೀನು ಸೆಕೆಂಡಿಗೆ 4 ಮೀಟರ್ ಓಡಿದರೂ ಬಿಲ್ಲೆಗಳಲ್ಲಿ ಹುಟ್ಟುವ ಬಿಸಿ ಸುಮಾರು 20 ವ್ಯಾಟ್. ಅದನ್ನು ಫೆಲ್ಟ್ ಆರಾಮವಾಗಿ ತಾಳಿಕೊಳ್ಳುತ್ತದೆ.

ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ತಿರುಗಿಸುವುದು ಹೊಸಬರು ಬಿಡಲೇಬೇಕಾದ ಅಭ್ಯಾಸ. ದಾರ ಒಳಗೆ ಬರುತ್ತಿಲ್ಲ, ರೋಟರ್ ಮಾತ್ರ ಸುತ್ತುತ್ತಿದೆ; ಹಿಡಿಯ ಪ್ರತಿ ಸುತ್ತಿಗೂ ದಾರಕ್ಕೆ ಐದು ಹುರಿ. ಇಪ್ಪತ್ತು ಸುತ್ತಿಗೆ ನೂರು. ಮೀನು ದಡ ಸೇರಿದ ಮೇಲಿನ ಎಸೆತದಲ್ಲಿ ದಾರ ಗುಂಗುರು ಗುಂಗುರಾಗಿ ಗಂಟುಬಿದ್ದರೆ ರೀಲನ್ನು ಬೈಯುತ್ತಾರೆ, ಪಾಪ, ಅದರದೇನೂ ತಪ್ಪಿಲ್ಲ.

ಹಗುರವಾದದ್ದು ಎಲ್ಲಿಗೆ ಸಲ್ಲದು

ಕೋಲು ಮತ್ತು ರೀಲಿನ ಸಮತೂಕದ ಬಗ್ಗೆ ಒಂದು ನಂಬಿಕೆ ಬೇರೂರಿದೆ. ಕೋಲಿನ ತುದಿ ತೂಗುತ್ತಿದೆ, ಹಗುರ ರೀಲು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ರೀಲಿನ ಪಾದ ನಮ್ಮ ಬೆರಳುಗಳ ನಡುವೆಯೇ ಇರುತ್ತದೆ, ಅಂದರೆ ಆಧಾರಬಿಂದುವಿನಲ್ಲೇ. 100 ಗ್ರಾಂ ಕೋಲಿನ ಗುರುತ್ವಕೇಂದ್ರ ಕೈಯಿಂದ 40 ಸೆಂಟಿಮೀಟರ್ ಮುಂದಿದ್ದರೆ ಅದರ ತಿರುಚುಬಲದ ಲೆಕ್ಕ ನೂರು ಗುಣಿಸು ನಲವತ್ತು, 4000. ರೀಲಿನಲ್ಲಿ ಉಳಿಸಿದ 45 ಗ್ರಾಂ ಕೈಯಿಂದ ಎರಡು ಸೆಂಟಿಮೀಟರ್ ಆಚೀಚೆ ಇದ್ದೀತು: ಬರೀ 90. ಶೇಕಡ ಎರಡೂವರೆಯೂ ಇಲ್ಲ. ತುದಿಭಾರಕ್ಕೆ ಮದ್ದು ಬೇರೆ ಕೋಲು, ರೀಲಲ್ಲ. ದಿನವಿಡೀ ಎತ್ತಿ ಬೀಸುವ ಒಟ್ಟು ತೂಕ ಕಡಿಮೆಯಾಗುತ್ತದೆ, ಮಣಿಕಟ್ಟಿಗೆ ಸ್ವಲ್ಪ ಸುಖ ಎಂಬುದು ನಿಜ.

ಎಲ್ಲ ನೀರಿಗೂ ಹಗುರ ರೀಲು ಹೊಂದುವುದಿಲ್ಲ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳಕ್ಕೆ ಹಿಡಿದ ಮಹಸೀರ್ 120 ಪೌಂಡ್, ಅಂದರೆ 54 ಕಿಲೊ ತೂಗಿತ್ತು. ಕಾವೇರಿ ಕಣಿವೆಯ ಜನ ಬಿಳಿಮೀನು ಎಂದು ಕರೆಯುವ ಆ ಡುಬ್ಬದ ಮಹಸೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿಸಲಾಯಿತು. ಅಂಥ ಮೀನಿರುವ ನೀರಿಗೆ 4 ಪೌಂಡಿನ ದಾರ, 150 ಗ್ರಾಮಿನ ರೀಲು ಒಯ್ಯುವುದು ಸಾಹಸವಲ್ಲ, ಕ್ರೌರ್ಯ. ತೆಳು ದಾರದಲ್ಲಿ ಸಿಕ್ಕ ದೊಡ್ಡ ಮೀನು ಬಹಳ ಹೊತ್ತು ಸೆಣಸುತ್ತದೆ. ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು, ಬಿಟ್ಟಮೇಲೂ ಅದು ಚೇತರಿಸಿಕೊಳ್ಳದೆ ಸಾಯಬಹುದು. ಬಿಟ್ಟುಬಿಡುವ ಉದ್ದೇಶದಿಂದಲೇ ಗಾಳ ಹಾಕುವವರು ಸಲಕರಣೆಯನ್ನು ಅಲ್ಲಿ ಸಿಗಬಹುದಾದ ಅತಿ ದೊಡ್ಡ ಮೀನಿಗೆ ತಕ್ಕಂತೆ ಆರಿಸಬೇಕು. ಜೊಂಡು, ಮುಳ್ಳುಕಂಟಿಗಳ ನಡುವೆ ಅಡಗುವ ಕೊರವ ಮೀನಿಗೂ ಇದೇ ಮಾತು: ಅದನ್ನು ಜೊಂಡಿನಿಂದ ಆಚೆಗೆ ಎಳೆದು ತರುವ ಬಲ ಹಗುರ ರೀಲಿನ ತೆಳು ದಾರಕ್ಕಿಲ್ಲ.

ಸಿಹಿನೀರಿನಲ್ಲಿ 2ರಿಂದ 7 ಗ್ರಾಂ ಲೂರ್ ಎಸೆಯುವವರಿಗೆ ನನ್ನ ಆಯ್ಕೆ ಇದು: 2000ದ ಆಸುಪಾಸಿನ ಗಾತ್ರ, ಆಳ ಕಡಿಮೆಯ ಸ್ಪೂಲು, ಹಗುರ ರೋಟರ್, ಕಾರ್ಬನ್ ಬೆರೆತ ಪ್ಲಾಸ್ಟಿಕ್ ಒಡಲು. ಅಲ್ಲಿ ಅಲ್ಯುಮಿನಿಯಂ ಒಡಲಿಗೆ ಹೆಚ್ಚು ಹಣ ಕೊಡುವ ಅಗತ್ಯ ಕಾಣುವುದಿಲ್ಲ. ಒಡಲನ್ನು ಬಗ್ಗಿಸುವಷ್ಟು ಎಳೆತ ಆ ದಾರ ತಾಳುವುದೇ ಇಲ್ಲ. 10 ಗ್ರಾಮಿನ ಮೇಲಿನ ಲೂರ್, ಎರಡು ಕಿಲೊಗೂ ಮೀರಿದ ಡ್ರ್ಯಾಗ್, ಒಂದೇ ಸಮನೆ ಎಳೆಯುವ ಕ್ರಮ ನಿಮ್ಮದಾದರೆ ಸ್ಟ್ರಾಡಿಕ್‌ನಂಥ ಲೋಹದ ಒಡಲಿನ ರೀಲನ್ನೇ ಕೊಳ್ಳಿ, ಆ 45 ಗ್ರಾಮಿನ ಚಿಂತೆ ಬಿಡಿ.

ಅಂಗಡಿಯಲ್ಲಿ ರೀಲನ್ನು ಅಂಗೈಯಲ್ಲಿಟ್ಟು ತೂಗಿ ನೋಡುವುದರ ಜೊತೆಗೆ ಹಿಡಿಯನ್ನು ಒಂದು ಬೆರಳಿನಿಂದ ಕಾಲು ಸುತ್ತು ನೂಕಿ ಬಿಡಿ. ಎಷ್ಟು ಬೇಗ ಹೊರಟಿತು, ಎಷ್ಟು ಬೇಗ ನಿಂತಿತು ನೋಡಿ. ಬೇಗ ಬೇಗ ತಿರುಗಿಸಿ ನಡುಕ ಇದೆಯೇ ಗಮನಿಸಿ. ಡ್ರ್ಯಾಗನ್ನು ಸಡಿಲ ಮಾಡಿ ಸ್ಪೂಲನ್ನು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಕ್ಕನೆ ಹಿಡಿದು ಬಿಟ್ಟರೆ ಆ ರೀಲನ್ನು ಹಿಂದಿರುಗಿಸಿ. ಉಳಿದ ಹಣವನ್ನು ಒಳ್ಳೆಯ ದಾರಕ್ಕೆ ಖರ್ಚುಮಾಡಿ. ಮನೆಗೆ ತಂದ ದಿನವೇ ಅಂಚಿಗೆ ಒಂದೂವರೆ ಮಿಲಿಮೀಟರ್ ಬಿಟ್ಟು ದಾರ ತುಂಬಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಡ್ರ್ಯಾಗನ್ನು ದಾರದ ಬಲದ ಕಾಲು ಭಾಗಕ್ಕೆ ಹೊಂದಿಸಿಕೊಂಡೇ ನೀರಿನ ಬಳಿಗೆ ಹೋಗಿ.